ಕೀ ಜೇಬಿನಲ್ಲಿತ್ತು, ಜೇಬು ಮೈಸೂರಿನಲ್ಲಿತ್ತು

ಕಲ್ಪೆಟ್ಟದಿಂದ ಶ್ರವಣಬೆಳಗೊಳಕ್ಕೆ ಹೋಗಿಬರುವುದು ನಮ್ಮ ಮನೆಯವರಿಗೆ ಹೊಸದೇನಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ ಎಂದು ಬದುಕುವ ವಯನಾಡಿನ ಜೈನ ಕುಟುಂಬಗಳಿಗೆ ಗೊಮ್ಮಟಸ್ವಾಮಿಯ ಸನ್ನಿಧಿ ಎಂದರೆ ತವರಿಗೆ ಹೋಗಿಬಂದಂತೆ. ಹೊಸದಾಗಿದ್ದುದು ನಮ್ಮ ಕಾರು ಮಾತ್ರ. ಕಾಫಿ, ಮೆಣಸಿನ ವ್ಯಾಪಾರದಲ್ಲಿ ಕೈಗೆ ಬಂದ ನಾಲ್ಕು ಕಾಸು ಸೇರಿಸಿ ಕೊಂಡ ಗಾಡಿ. ಅದಕ್ಕೆ ಕೀ ತಿರುಗಿಸುವ ತೂತೇ ಇಲ್ಲ. ಕೀ ಜೇಬಿನಲ್ಲಿದ್ದರಾಯಿತು, ಹಿಡಿಕೆ ಮುಟ್ಟಿದರೆ ಬಾಗಿಲು ತೆರೆಯುತ್ತದೆ, ಬ್ರೇಕ್ ತುಳಿದು ಗುಂಡಿ ಒತ್ತಿದರೆ ಎಂಜಿನ್ ಚಾಲೂ ಆಗುತ್ತದೆ.

ನಮ್ಮ ತಂದೆಯವರ ಅಂಬಾಸಿಡರ್ ಕಾರಿಗೆ ಚಳಿಗಾಲದ ಬೆಳಗ್ಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿದ ನೆನಪು ನಮಗಿದೆ. ಅಮ್ಮನಿಗೂ ಅದು ನೆನಪಿತ್ತು. "ಆಗ ಇಬ್ಬರು ಬೆವರು ಸುರಿಸಬೇಕಿತ್ತು, ಈಗ ಒಂದು ಬೆರಳು ಸಾಕು" ಎಂದು ಹಿಂದಿನ ಸೀಟಿನಲ್ಲಿ ಕುಳಿತು ಸಂತೋಷಪಟ್ಟರು. ಅವರಿಗೀಗ ಎಪ್ಪತ್ತೆಂಟು.

ಹೋದ ಮಾಗಿಯಲ್ಲಿ ಒಂದು ಮುಂಜಾನೆ ಹೊರಟೆವು. ಹಿಂದೆ ಹನ್ನೆರಡು ಬೀದಿ ಎಂಬ ಹೆಸರೂ ಇದ್ದ ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿಗೆ ಕೈಮುಗಿದು, ಮುತ್ತಂಗದ ಕಾಡು ದಾಟಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ಶ್ರೀರಂಗಪಟ್ಟಣಗಳ ಮೇಲೆ ಹಾದು ಶ್ರೀಕ್ಷೇತ್ರ ತಲುಪಿದೆವು. ಕಾರು ನಡೆಸಿದವನು ನಮ್ಮ ಮಗ. ಮೈಸೂರಿನಲ್ಲಿ ವ್ಯಾಪಾರ ನೋಡಿಕೊಳ್ಳುವವನು, ಯಾತ್ರೆಗೆಂದೇ ಎರಡು ದಿನ ಮೊದಲು ಮನೆಗೆ ಬಂದಿದ್ದ. ರಾತ್ರಿ ಅಲ್ಲಿಯೇ ತಂಗಿ, ಮಾರನೆಯ ಬೆಳಗ್ಗೆ ಪಾದರಕ್ಷೆ ಕೆಳಗೆ ಬಿಟ್ಟು ವಿಂಧ್ಯಗಿರಿ ಏರಿದೆವು. ಅಮ್ಮ ಡೋಲಿಯಲ್ಲಿ ಬಂದರು. ಚಾವುಂಡರಾಯ 981ರಲ್ಲಿ ಪ್ರತಿಷ್ಠಾಪಿಸಿದ ಆ 58 ಅಡಿಯ ಮೂರ್ತಿಯ ಮುಂದೆ ನಿಂತಾಗ ಹೊಸ ಕಾರಿನ ಹೆಮ್ಮೆಯೆಲ್ಲ ಎಷ್ಟು ಚಿಕ್ಕದೆಂದು ಅನಿಸದೆ ಇರಲಿಲ್ಲ.

ಕೆಳಗಿಳಿದು ಬಂದವರಲ್ಲಿ ನಾವೇ ಮೊದಲು. ಬಿಸಿಲು ಏರಿತ್ತು. ಕಾರಿನ ಹಿಡಿಕೆ ಎಳೆದರೆ ತೆರೆಯಲಿಲ್ಲ. ಕೀ ಮಗನ ಜೇಬಿನಲ್ಲಿ, ಮಗ ಇನ್ನೂ ಮೆಟ್ಟಿಲ ಮೇಲೆ. ಅವನು ಬಂದ ಮೇಲೆ ಎಲ್ಲರೂ ನಕ್ಕೆವು. ಪಾಠವನ್ನು ಅಲ್ಲಿಯೇ ಕಲಿಯಬಹುದಿತ್ತು, ಕಲಿಯಲಿಲ್ಲ.

ಹಿಂದಿರುಗುವಾಗ ಮಗ ಮೈಸೂರಿನ ಸಂತೆಪೇಟೆಯಲ್ಲಿ ಇಳಿಯಬೇಕಿತ್ತು. ಆ ಬೀದಿಯ ಗದ್ದಲ ನೋಡಿದವರಿಗೆ ಗೊತ್ತು. ಹಿಂದೆ ಲಾರಿ, ಮುಂದೆ ಕೈಗಾಡಿ, ನಿಲ್ಲಲು ಎಡೆಯಿಲ್ಲ. ಅಮ್ಮನಿಗೆ ಸೆಕೆಯೆಂದು ಏಸಿ ಹಾಕಿದ್ದರಿಂದ ಎಂಜಿನ್ ಆರಿಸಲಿಲ್ಲ. ಅವನು ಚೀಲ ಹಿಡಿದು ಇಳಿದ, ನಾವು ಸ್ಟಿಯರಿಂಗಿಗೆ ಕುಳಿತೆವು, ಹೊರಟೆವು. ಕಾರು ಕೀಂ ಕೀಂ ಎಂದಿತು, ಮುಂದೆ ಏನೋ ಅಕ್ಷರ ಮೂಡಿತು. ಬೆಲ್ಟಿನದೇ ಇರಬೇಕೆಂದು ಬೆಲ್ಟ್ ಹಾಕಿಕೊಂಡೆವು. ಸದ್ದೂ ನಿಂತಿತು.

ಗುಂಡ್ಲುಪೇಟೆ ಮುಟ್ಟಿದಾಗ ಸಂಜೆ ಐದೂವರೆ. ಅಮ್ಮ ಸೂರ್ಯಾಸ್ತದ ನಂತರ ಏನನ್ನೂ ಸ್ವೀಕರಿಸುವುದಿಲ್ಲ. ರಸ್ತೆ ಬದಿಯ ಮರದಡಿ ನಿಲ್ಲಿಸಿ, ಎಂಜಿನ್ ಆರಿಸಿ, ಬುತ್ತಿ ಬಿಚ್ಚಿದೆವು. ಚಪಾತಿ, ಅವಲಕ್ಕಿ, ಕಾಯಿಸಿ ಆರಿಸಿ ತಂದ ನೀರು. ಆರು ಗಂಟೆಗೆ ಮತ್ತೆ ಕುಳಿತು ಗುಂಡಿ ಒತ್ತಿದರೆ ಸದ್ದಿಲ್ಲ. ಕೀ ಇಲ್ಲವೆಂದು ಅಕ್ಷರ ಮಾತ್ರ ಮೂಡಿತು. ಮನೆಯವರು ತಮ್ಮ ಚೀಲ ತಡಕಿದರು, ನಾವು ಜೇಬು ತಡಕಿದೆವು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು: ಕೀ ಮಗನ ಜೇಬಿನಲ್ಲಿ, ಸುಮಾರು ಅರವತ್ತು ಕಿಲೋಮೀಟರ್ ಹಿಂದೆ! ಇನ್ನೊಂದು ಕೀ ಕಲ್ಪೆಟ್ಟದ ತಿಜೋರಿಯಲ್ಲಿ, ಅದಕ್ಕಿಂತಲೂ ದೂರ.

ಹತ್ತಿರದ ಗ್ಯಾರೇಜಿನಿಂದ ಒಬ್ಬ ತರುಣ ಬಂದ. ಬಾನೆಟ್ ಎತ್ತಲೂ ಇಲ್ಲ. "ಸಾರ್, ಇದಕ್ಕೆ ಸ್ಪ್ಯಾನರ್ ಹಿಡಿದು ಪ್ರಯೋಜನ ಇಲ್ಲ. ಕೀ ಬರಲೇಬೇಕು" ಎಂದ. ಕೀ ಇಲ್ಲದೆ ಅಷ್ಟು ದೂರ ಬಂದದ್ದು ಹೇಗೆ ಎಂದು ಕೇಳಿದೆವು. ಅವನು ಹೇಳಿದ್ದನ್ನೂ, ಆಮೇಲೆ ನಾವು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇವೆ.

ಕಾರಿನ ಬಾಗಿಲುಗಳಲ್ಲಿ, ಒಳಗೆ ಸಣ್ಣ ಆಂಟೆನಾಗಳಿರುತ್ತವೆ. ಅವು ಅತಿ ಕಡಿಮೆ ಆವರ್ತನದಲ್ಲಿ, ಅನೇಕ ಕಾರುಗಳಲ್ಲಿ 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಕೀಯನ್ನು ಕರೆಯುತ್ತವೆ. ಆ ಕರೆ ಒಂದೆರಡು ಮೀಟರಿಗಿಂತ ಹೆಚ್ಚು ದೂರ ಕೇಳಿಸದು. ಹತ್ತಿರದಲ್ಲಿರುವ ಕೀ ರೇಡಿಯೋ ಅಲೆಯಲ್ಲಿ ಗುಪ್ತ ಸಂಕೇತದ ಉತ್ತರ ಕೊಡುತ್ತದೆ. ಉತ್ತರ ಸರಿಯಿದ್ದರೆ ಮಾತ್ರ ಎಂಜಿನ್ ಚಾಲೂ. ಆದರೆ ಒಮ್ಮೆ ಚಾಲೂ ಆದ ಮೇಲೆ ಕೀ ಹೊರಗೆ ಹೋದರೂ ಎಂಜಿನ್ ನಿಲ್ಲುವುದಿಲ್ಲ. ಎಚ್ಚರಿಕೆ ಮಾತ್ರ ಬರುತ್ತದೆ. ಓಡುವಾಗ ಎಂಜಿನ್ ಆರಿದರೆ ಸ್ಟಿಯರಿಂಗ್ ಬಿಗಿಯಾಗಿ, ಬ್ರೇಕ್ ಗಟ್ಟಿಯಾಗಿ, ಅಪಾಯವಾದೀತೆಂದು ಹಾಗೆ ಮಾಡಿದ್ದಾರೆ. ವ್ಯವಸ್ಥೆ ಸರಿಯಾಗಿಯೇ ಇದೆ. ಕಾರು ಕೂಗಿ ಹೇಳಿತ್ತು, ನಾವು ಕೇಳಲಿಲ್ಲ.

ಕೀ ಇಲ್ಲದ ಆ ಕಾರು ಬರಿಯ ಪೆಟ್ಟಿಗೆಯಾಗಿತ್ತು. ಗಾಜು ಇಳಿಯದು. ಹೊರಗಿನಿಂದ ಬೀಗ ಹಾಕುವಂತಿಲ್ಲ, ಸಾಮಾನು ಬಿಟ್ಟು ಹೋಗುವಂತಿಲ್ಲ. ಬಾಗಿಲು ತೆರೆದಿಟ್ಟು ಸೊಳ್ಳೆ ಓಡಿಸುತ್ತ ಕುಳಿತೆವು. ಗೋದಾಮಿನಲ್ಲಿದ್ದ ಮಗ ಫೋನಿಗೆ ಸಿಕ್ಕಿದ್ದು ಆರೂ ಮುಕ್ಕಾಲಿಗೆ. ಜೇಬು ಮುಟ್ಟಿ ನೋಡಿಕೊಂಡು ಒಂದು ಕ್ಷಣ ಮಾತೇ ಆಡಲಿಲ್ಲ. "ಬಂದೆ ಅಪ್ಪ" ಎಂದು ಬಸ್‌ಸ್ಟ್ಯಾಂಡಿಗೆ ಓಡಿದ.

ನಮ್ಮ ಆತಂಕ ಬೇರೆಯೇ ಇತ್ತು. ಬಂಡೀಪುರ ಕಾಡಿನ ಈ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಸಂಚಾರ ನಿಷೇಧವಿದೆ. ಆಂಬುಲೆನ್ಸ್, ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಮಗ ಬಸ್ಸಿಳಿದಾಗ ಎಂಟೂ ನಲವತ್ತು. ಮದ್ದೂರು ಚೆಕ್‌ಪೋಸ್ಟ್ ಇನ್ನೂ ಮುಂದಿದೆ. "ಜೋರಾಗಿ ಹೊಡೆದರೆ ಗೇಟು ಸಿಕ್ಕೀತು, ಹತ್ತಿ ಅಪ್ಪ" ಎಂದ. ನಾವೂ ಸೀಟಿನಲ್ಲಿ ಕುಳಿತು ಗುಂಡಿಯ ಮೇಲೆ ಬೆರಳಿಟ್ಟಾಗಿತ್ತು.

ಆಗ ಅಮ್ಮ ಹಿಂದಿನಿಂದ ಹೇಳಿದರು: "ಆ ಗೇಟು ಮುಚ್ಚೋದು ಯಾಕಪ್ಪ?"

"ರಾತ್ರಿ ಜಿಂಕೆ, ಆನೆ ಗಾಡಿಗೆ ಸಿಕ್ಕಿ ಸಾಯ್ತವೆ ಅಂತ, ಅಜ್ಜಿ" ಎಂದ ಮೊಮ್ಮಗ.

"ಒಂಬತ್ತು ಗಂಟೆಗೆ ಮೊದಲೂ ಕತ್ತಲೆಯೇ ಅಲ್ಲವಾ? ಮರೆತವರು ನಾವು. ಅದಕ್ಕೆ ಆ ಮೂಕ ಜೀವಗಳ ಮೇಲೆ ಯಾಕೆ ಓಡಿಸಬೇಕು? ಬೆಳಿಗ್ಗೆ ಹೋಗೋಣ."

ಯಾರೂ ಎದುರಾಡಲಿಲ್ಲ. ಗುಂಡ್ಲುಪೇಟೆಯಲ್ಲೇ ಒಂದು ವಸತಿಗೃಹದಲ್ಲಿ ರಾತ್ರಿ ಕಳೆದೆವು. ಬೆಳಗ್ಗೆ ಮಗ ಕೀಯನ್ನು ನಮ್ಮ ಅಂಗೈಯಲ್ಲಿಟ್ಟು ಮೈಸೂರಿನ ಬಸ್ಸು ಹತ್ತಿದ. ಆರು ಗಂಟೆಗೆ ಗೇಟು ತೆರೆದಾಗ ಮಂಜಿನಲ್ಲಿ ನಿಧಾನವಾಗಿ ಸಾಗಿದೆವು. ಸ್ವಲ್ಪ ದೂರದಲ್ಲೇ ಚುಕ್ಕಿ ಜಿಂಕೆಗಳ ಹಿಂಡೊಂದು ರಸ್ತೆ ದಾಟುತ್ತಿತ್ತು. ಕೊನೆಯ ಮರಿ ದಾಟುವವರೆಗೆ ನಿಂತೆವು. ಅಮ್ಮ ಕೈಮುಗಿದರು.

ಮನೆಗೆ ಬಂದ ಮೇಲೆ ಕೆಲವು ನಿಯಮ ಮಾಡಿಕೊಂಡೆವು. ಇಂಥ ಕಾರುಳ್ಳ ಬಂಧುಗಳಿಗೂ ಉಪಯೋಗವಾಗಬಹುದು.

ಚಾಲಕ ಬದಲಾಗುವಾಗ ಎಂಜಿನ್ ಆರಿಸಬೇಕು, ಕೀಯನ್ನು ಕೈಯಿಂದ ಕೈಗೆ ಕೊಡಬೇಕು. ಅಂಗಡಿಯ ಬೀಗದ ಕೈಯನ್ನು ನಾವು ಹಾಗೆಯೇ ಕೊಡುತ್ತೇವಲ್ಲವೇ?

ಕೀಯೊಳಗಿನ ನಾಣ್ಯದಂಥ ಬ್ಯಾಟರಿ ಒಂದು ದಿನ ಮುಗಿಯುತ್ತದೆ. ಆಗ ಗಾಬರಿ ಬೇಡ. ಹೆಚ್ಚಿನ ಕೀಗಳ ಒಡಲಲ್ಲಿ ಲೋಹದ ಸಣ್ಣ ಕೀ ಅಡಗಿರುತ್ತದೆ, ಅದರಿಂದ ಚಾಲಕನ ಬಾಗಿಲು ತೆರೆಯಬಹುದು. ಅನಂತರ ಅನೇಕ ಕಾರುಗಳಲ್ಲಿ ಕೀಯನ್ನು ಗುಂಡಿಗೆ ತಾಗಿಸಿ ಹಿಡಿದರೆ ಎಂಜಿನ್ ಚಾಲೂ ಆಗುತ್ತದೆ. ನಿಮ್ಮ ಗಾಡಿಯಲ್ಲಿ ಎಲ್ಲಿ ಹಿಡಿಯಬೇಕೆಂದು ಕೈಪಿಡಿ ನೋಡಿ ಮೊದಲೇ ತಿಳಿದಿಡಿ.

ಮನೆಯ ಮುಂದೆ ಕಾರು ನಿಲ್ಲಿಸುವವರು ಕೀಯನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕಬೇಡಿ. ಕಳ್ಳರು ಎರಡು ಯಂತ್ರ ಹಿಡಿದು, ಒಳಗಿನ ಕೀಯ ಸಂಕೇತವನ್ನು ಹೊರಗಿನ ಕಾರಿಗೆ ದಾಟಿಸಿ ಕದ್ದೊಯ್ಯುವ ವಿದ್ಯೆ ಕಲಿತಿದ್ದಾರೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಸಂಕೇತ ಹೊರಬರುವುದು ಕಷ್ಟ. ಡಬ್ಬಿಯನ್ನು ಕಾರಿನ ಪಕ್ಕಕ್ಕೆ ಒಯ್ದು ಹಿಡಿಕೆ ಮುಟ್ಟಿ ನೋಡಿ. ತೆರೆಯದಿದ್ದರೆ ಡಬ್ಬಿ ಒಳ್ಳೆಯದು. ನಮ್ಮಲ್ಲಿ ಹಳೆಯ ಗೋಡಂಬಿ ಡಬ್ಬಿ ಈ ಪರೀಕ್ಷೆಯಲ್ಲಿ ಪಾಸಾಯಿತು.

ಎಲ್ಲಕ್ಕಿಂತ ಮುಖ್ಯ, ಇಳಿಯುವ ಮುನ್ನ ಎಂಜಿನ್ ಆರಿದೆಯೇ ನೋಡಿ. ಈಗಿನ ಎಂಜಿನ್ನಿಗೆ ಸದ್ದೇ ಕಡಿಮೆ. ಅಮೆರಿಕದಲ್ಲಿ ಆರಿಸಲು ಮರೆತು, ಮನೆಗೆ ಅಂಟಿದ ಕಾರು ಕೊಠಡಿಯಿಂದ ವಿಷಾನಿಲ ಒಳನುಗ್ಗಿ ಮಲಗಿದ್ದವರು ಸತ್ತದ್ದುಂಟು. ಇಂಥ ಕಾರುಗಳ ಎಂಜಿನ್ ತಾನಾಗಿ ಆರುವಂತೆ ನಿಯಮ ಮಾಡಬೇಕೆಂದು 2021ರಲ್ಲಿ ಅಲ್ಲಿ ಕಾನೂನೇ ಆಯಿತು.

ಮುನಿಗಳ ಐದು ಸಮಿತಿಗಳಲ್ಲಿ ಆದಾನ ನಿಕ್ಷೇಪಣ ಸಮಿತಿಯೂ ಒಂದು. ಯಾವುದೇ ವಸ್ತುವನ್ನು ಎತ್ತುವಾಗ, ಇಡುವಾಗ ಜೀವಿಗಳಿಗೆ ನೋವಾಗದಂತೆ ನೋಡಿ ಎತ್ತಬೇಕು, ನೋಡಿ ಇಡಬೇಕು. ಶ್ರಾವಕರಾದ ನಮಗೆ ಅಷ್ಟು ಕಟ್ಟುನಿಟ್ಟಿಲ್ಲ ನಿಜ. ಆದರೆ ಎತ್ತುವ, ಇಡುವ ಕೆಲಸವನ್ನೇ ತಪ್ಪಿಸಿದ ಈ ಕೀ ನಮ್ಮ ನೋಟವನ್ನೂ ತಪ್ಪಿಸಿಬಿಟ್ಟಿತ್ತು. ಹಳೆಯ ಕೀಯನ್ನು ಹಾಕಿ, ತಿರುಗಿಸಿ, ತೆಗೆದು, ಜೇಬಿಗೆ ಇಳಿಸುವಾಗ ನಾಲ್ಕು ಸಲ ಎಚ್ಚರವಾಗುತ್ತಿತ್ತು. ಈಗ ಆ ಎಚ್ಚರವನ್ನು ನಾವೇ ತಂದುಕೊಳ್ಳಬೇಕು.

ಈಗಲೂ ಹೊರಡುವ ಮುನ್ನ ಹಿಂದಿನ ಸೀಟಿನಿಂದ ಅಮ್ಮ ತಪ್ಪದೆ ಕೇಳುತ್ತಾರೆ: "ಕೀ ಯಾರ ಹತ್ತಿರ ಇದೆ?" ನಾವು ಜೇಬಿನಿಂದ ತೆಗೆದು ತೋರಿಸುತ್ತೇವೆ. ಆಮೇಲೆಯೇ ಗುಂಡಿಗೆ ಬೆರಳು.