ಅಂಗೈ ಮುಂದಿನ ಮಂಗ

ಮನಸ್ಸನ್ನು ಕಟ್ಟಿಹಾಕು ಎಂದು ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ದೊಡ್ಡವರು ಮಾತ್ರ ಅಷ್ಟು ಸಲೀಸಾಗಿ ಹೇಳಿದಂತಿಲ್ಲ. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ, ಇದು ಗಾಳಿ ಹಿಡಿದಷ್ಟೇ ಕಷ್ಟ ಎಂದು ಕೈಚೆಲ್ಲಿದಾಗ ಕೃಷ್ಣ ಬೈಯುವುದಿಲ್ಲ. ಹೌದಪ್ಪಾ, ಕಷ್ಟವೇ ಎಂದು ಒಪ್ಪಿಕೊಂಡು ಆಮೇಲೆ ಅಭ್ಯಾಸ, ವೈರಾಗ್ಯದ ಮಾತು ತೆಗೆಯುತ್ತಾನೆ. ಬಸವಣ್ಣನವರಂತೂ ತಮ್ಮ ಮನಸ್ಸು ಕೊಂಬೆಯ ಮೇಲಿನ ಮಂಗ ಎಂದು ಊರೆದುರು ದೂರು ಕೊಟ್ಟವರು.

ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಯಲ್ಲಿ ಆ ಮಂಗ ಮುಂಜಾನೆ ನನ್ನ ಎಡ ಅಂಗೈ ಮುಂದೆಯೇ ಕುಣಿಯುತ್ತದೆ. ಇಷ್ಟಲಿಂಗ ಹಿಡಿದು ಕೂತಾಗ ಅದರ ಕರಿ ಕಂತಿಯ ಮೇಲೆ ಕಿಟಕಿಯ ಬೆಳಕು ಸಾಸಿವೆ ಕಾಳಿನಷ್ಟು ಹೊಳೆಯುತ್ತದೆ. ದೃಷ್ಟಿ ಅಲ್ಲಿ ನಿಲ್ಲಬೇಕು. ಹೆಸ್ಕಾಂ ಬಿಲ್ಲು ನೆನಪಾಯಿತೋ, ಕೈ ಅಲುಗಿ ಚುಕ್ಕಿ ಪಕ್ಕಕ್ಕೆ ಸರಿಯುತ್ತದೆ. ವಿಚಾರ ಬಂದದ್ದು ನನಗಿಂತ ಮೊದಲು ಚುಕ್ಕಿಗೆ ಗೊತ್ತು. “ರೀ, ಪೂಜಿಗೆ ಕುಂತೀರೋ, ಲೆಕ್ಕಾ ಹಾಕಾಕ ಕುಂತೀರೋ?” ಎಂದು ಅಡುಗೆಮನೆಯಿಂದ ನನ್ನಾಕೆ. ನಿಜ ಹೇಳಬೇಕೆಂದರೆ ಎರಡೂ ನಡೆದಿರುತ್ತವೆ.

ಪೂಜೆಯಾದ ಮೇಲೆ ಒಂದು ವಚನ ಓದುತ್ತೇನೆ. ವಚನಗಳೆಂದರೆ ನೆಮ್ಮದಿಯಿಂದ ಕೂತವರ ಮಾತು ಎಂದುಕೊಂಡವರು ಖಾನಾಪುರ ತಾಲ್ಲೂಕಿನ ಕಕ್ಕೇರಿಗೆ ಹೋಗಿಬರಬೇಕು. ಕಲ್ಯಾಣದಲ್ಲಿ ರಕ್ತ ಹರಿದ ಮೇಲೆ ವಚನದ ಕಟ್ಟು ಹೊತ್ತು ಉಳವಿಯ ಹಾದಿ ಹಿಡಿದ ಶರಣರ ಬೆನ್ನು ಕಾಯುತ್ತ ಡೋಹರ ಕಕ್ಕಯ್ಯನವರು ಕಾದಾಡಿ ಅಲ್ಲಿ ಮಡಿದರೆಂಬುದು ನಮ್ಮ ಭಾಗದ ನಂಬಿಗೆ. ಅವರ ಸಮಾಧಿ ಅಲ್ಲಿದೆ. ಮುಂದೆ ಮನೆಮನೆ ಅಲೆದು ಓಲೆಗರಿ ಕೂಡಿಸಿದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯಲ್ಲೇ. ಓಡುತ್ತ ಉಳಿದುಬಂದ ಮಾತುಗಳಿವು. ಅದಕ್ಕೇ ಇರಬೇಕು, ನಮ್ಮ ಓಟ ಕಂಡು ಅವು ಗಾಬರಿಯಾಗುವುದಿಲ್ಲ.

ನನ್ನ ಮಂಗನಿಗೆ ಅಚ್ಚುಮೆಚ್ಚಿನ ಕೊಂಬೆಯೊಂದಿದೆ: ಊರ ಹೊಲದ ಪಹಣಿ ಉತಾರ. ಅದರಲ್ಲಿ ತಮ್ಮನ ಹೆಸರು ಮೊದಲು ಯಾಕೆ, ನನ್ನದು ಆಮೇಲೆ ಯಾಕೆ ಎಂಬ ತಂಟೆ. ಓಡಿಸಿದಷ್ಟೂ ಹೊಸ ಸಾಕ್ಷಿಗಳನ್ನು ಕಟ್ಟಿಕೊಂಡು ಬರುತ್ತಿತ್ತು. ಒಂದು ಮುಂಜಾನೆ, ಬರಲಿ ಎಂದು ನೋಡುತ್ತ ಕೂತೆ. ನೋಡಿದರೆ ಅದರಡಿ ಹೊಲವೇ ಇರಲಿಲ್ಲ. ಜಾತ್ರೆಗೆ ತಮ್ಮ ಕರೆಯಲಿಲ್ಲ ಎಂಬ ಸಿಟ್ಟಿತ್ತು. ಅದರ ಕೆಳಗೆ, ಅವ್ವ ಹೋದ ಮೇಲೆ ಹುಟ್ಟಿದ ಮನೆಗೇ ನೆಂಟನಾಗಿಬಿಟ್ಟೆನಲ್ಲ ಎಂಬ ಸಂಕಟ. ಇಷ್ಟು ಕಂಡಿದ್ದೇ ಕೈ ನಿಂತಿತು, ಚುಕ್ಕಿಯೂ ನಿಂತಿತು. ಎಷ್ಟು ಹೊತ್ತು ಎಂದು ಕೇಳಬೇಡಿ. ಕುಕ್ಕರ್ ಸೀಟಿ ಹೊಡೆಯುವ ತನಕ.

ಸಂಜೆ ತಮ್ಮನಿಗೆ ಫೋನ್ ಮಾಡಿದೆ. “ಅಣ್ಣಾ, ಆನಿ ಬಂದು ಭತ್ತಾ ಎಲ್ಲಾ ತುಳದ ಹೋಗ್ಯಾವು. ಯಾವಾಗ ಬರ್ತಿ?” ಎಂದ. ಉತಾರದ ಸುದ್ದಿ ಇಬ್ಬರೂ ಎತ್ತಲಿಲ್ಲ. ಮರುದಿನ ಪೂಜೆಗೆ ಕೂತಾಗ ಅದು ಮತ್ತೆ ಹಾಜರಿತ್ತು. ಸಾಕ್ಷಿಗಳನ್ನು ಮಾತ್ರ ಕರೆತಂದಿರಲಿಲ್ಲ.