ತಾಯಿ ಸೈಕಲ್ ಹೊಡೀತಿದ್ದಾಳೆ!

ಮುಂಬಯಿಯಲ್ಲಿ ಮಕ್ಕಳನ್ನು ಬೆಳೆಸಿದ ಕನ್ನಡದ ಗೃಹಿಣಿಯರಿಗೆ ನಾನು ಹೇಳಹೊರಟಿರುವುದರಲ್ಲಿ ಹೊಸದೇನೂ ಇರಲಾರದು. ಆದರೂ ನಮ್ಮ ಪುಟ್ಟಿಯ ಮಾತು ಕೇಳಿದವರೆಲ್ಲ "ಬರೆದಿಡಿ, ಆಮೇಲೆ ಮರೆತುಹೋಗುತ್ತದೆ" ಎನ್ನುತ್ತಾರೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೀಚಿಟ್ಟದ್ದರಲ್ಲಿ ಕೆಲವನ್ನು ಇಲ್ಲಿ ಕೊಡುತ್ತಿದ್ದೇನೆ.

ಪುಟ್ಟಿ ಹುಟ್ಟಿದ್ದು 2020ರಲ್ಲಿ, ಡೊಂಬಿವಲಿಯಲ್ಲಿ. ಮನೆಯಲ್ಲಿ ಕನ್ನಡ, ಬಿಲ್ಡಿಂಗಿನ ಮಕ್ಕಳ ಜೊತೆ ಮರಾಠಿ, ಟೀವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಇವು ನಾಲ್ಕು ಬೇರೆ ಬೇರೆ ಭಾಷೆಗಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಪಾಲಿಗೆ ಎಲ್ಲವೂ ಮಾತೇ.

ನನ್ನ ಅತ್ತೆ ಇರುವುದು ತೀರ್ಥಹಳ್ಳಿಯ ಹತ್ತಿರದ ಹಳ್ಳಿಯಲ್ಲಿ. ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಮೊಮ್ಮಗಳೊಡನೆ ಫೋನಿನಲ್ಲಿ ಮಾತಾಡದಿದ್ದರೆ ಅವರಿಗೆ ನಿದ್ದೆ ಬಾರದು. ಅಲ್ಲಿಯ ನೆಟ್‌ವರ್ಕಿನಲ್ಲಿ ಮುಖ ಕಾಣುವುದು ಅಪರೂಪ, ಧ್ವನಿ ಕೇಳಿಸಿದರೆ ಅದೇ ಪುಣ್ಯ. 2024ರ ಒಂದು ಭಾನುವಾರ ನಾನು ಅಡಿಗೆಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತಿದ್ದೆ. ಹೊರಗೆ ಫೋನಿನಲ್ಲಿ ನಡೆದದ್ದು ಹೀಗೆ:

"ನಿನ್ನ ತಾಯಿ ಏನು ಮಾಡ್ತಿದ್ದಾಳೆ ಪುಟ್ಟಿ?"

"ತಾಯಿ ಕೆಳಗೆ ಸೈಕಲ್ ಹೊಡೀತಿದ್ದಾಳೆ ಅಜ್ಜಿ."

"ಈ ರಾತ್ರೀಲಾ?"

"ಹೂಂ. ಗಣಿತದಲ್ಲಿ ಕಮ್ಮಿ ಮಾರ್ಕ್ಸ್ ಬಂತಲ್ಲ, ಅದಕ್ಕೆ ಅವಳ ಅಮ್ಮ ಬೈದಳು. ಅತ್ಕೊಂಡು ಹೋದಳು."

"ಅಯ್ಯೋ, ಬೀಗಿತ್ತಿ ಯಾವಾಗ ಬಂದರು?"

ನಾನು ಓಡಿ ಬಂದು ಫೋನು ತೆಗೆದುಕೊಂಡರೆ ಅತ್ತೆ ಗಂಭೀರವಾಗಿ, "ಏನಮ್ಮ, ಈ ವಯಸ್ಸಿನಲ್ಲಿ ಪರೀಕ್ಷೆಗೆ ಕಟ್ಟಿದ್ದೀಯಂತೆ? ಒಂದು ಮಾತು ಹೇಳಲಿಲ್ಲ" ಎಂದರು.

ನಿಮಗೆ ಆಗಲೇ ಗೊತ್ತಾಗಿರುತ್ತದೆ. ಮರಾಠಿಯಲ್ಲಿ 'ತಾಈ' ಎಂದರೆ ಅಕ್ಕ. ಮೇಲಿನ ಮನೆಯ ಆರನೇ ಕ್ಲಾಸಿನ ಹುಡುಗಿ ಪುಟ್ಟಿಯ ಪರಮಾಪ್ತ ತಾಈ. ಆ ರಾತ್ರಿ ನಾನು ತಾಯಿ ಎಂದರೆ ಅಮ್ಮ ಎಂದು ವಿವರಿಸಿದೆ. ಪುಟ್ಟಿ ನನ್ನ ಅಜ್ಞಾನಕ್ಕೆ ಮರುಗಿ, "ಇಲ್ಲಮ್ಮ, ಅಮ್ಮ ಅಂದ್ರೆ ಅಮ್ಮ. ತಾಯಿ ಮೂರನೇ ಮಹಡೀಲಿ ಇರ್ತಾಳೆ" ಎಂದಳು.

ಅದೇ ವರ್ಷ ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದೆವು. ಭಾಷಣ ಉದ್ದವಾಯಿತು. (ನಮ್ಮ ಭಾಷಣಗಳು ಯಾವಾಗ ಗಿಡ್ಡವಾಗಿದ್ದವು ಹೇಳಿ.) ಸಭೆಯಲ್ಲಿ ಗುಸುಗುಸು ಶುರುವಾದಾಗ ಭಾಷಣಕಾರರು, "ಬಂಧುಗಳೇ, ದಯವಿಟ್ಟು ಕೇಳಿ, ಇನ್ನು ಎರಡೇ ಎರಡು" ಎಂದರು. ಅವರು ಹೇಳಹೊರಟಿದ್ದು ಎರಡು ಮಾತು. ಪುಟ್ಟಿ ನನ್ನ ತೊಡೆಯಿಂದ ಜಿಗಿದು, "ಅಮ್ಮ, ಎರಡೇ ಇದೆಯಂತೆ, ಬೇಗ ಹೋಗಿ ತಗೊಂಡು ಬಾ" ಎಂದು ಕೂಗಿದಳು. ಮರಾಠಿಯಲ್ಲಿ 'ಕೇಳೀ' ಎಂದರೆ ಬಾಳೆಹಣ್ಣು. ಮುಂದಿನ ಸಾಲಿನಲ್ಲಿ ಅರ್ಥವಾದವರೆಲ್ಲ ನಕ್ಕರು. ಅರ್ಥವಾಗದವರು ಭಾಷಣ ಮುಗಿಯಿತೆಂದುಕೊಂಡು ಚಪ್ಪಾಳೆ ತಟ್ಟಿದರು.

ಶಿವಮೊಗ್ಗದಿಂದ ನನ್ನ ತಮ್ಮ ಬಂದಾಗ "ಇವನು ನಿನ್ನ ಮಾಮ" ಎಂದು ಪರಿಚಯಿಸಿದೆ. ಈ ಊರಿನ ಮಕ್ಕಳಿಗೆ ಪೊಲೀಸರೆಲ್ಲ ಮಾಮಾಗಳು. ಪುಟ್ಟಿ ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ನೀನು ಯಾವ ಸಿಗ್ನಲ್ಲಿನ ಮಾಮಾ?"

ಹೀಗೆ ನಗುತ್ತಿರುವಾಗಲೇ ಶಾಲೆಯಿಂದ ಕರೆ ಬಂತು. ಮಗು ಭಾಷೆಗಳನ್ನು ಬೆರೆಸುತ್ತದೆ, ಗೊಂದಲವಾಗಿದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ ಎಂದು ಟೀಚರ್ ಹೇಳಿದರು. ಇವರಿಗೆ ಅದು ಸರಿಯೆನಿಸಿತು. ನನಗೆ ಎದೆ ಧಸಕ್ಕೆಂದಿತು. ಅತ್ತೆಗೆ ಕನ್ನಡ ಬಿಟ್ಟು ಬೇರೊಂದು ಭಾಷೆ ಬಾರದು. "ಭಾನುವಾರ ಎಂಟು ಗಂಟೆಗೆ ಏನು ಮಾಡೋದು?" ಎಂದು ಕೇಳಿದೆ. "ಆಮೇಲೆ ಕಲೀತಾಳೆ ಬಿಡು" ಎಂದರು. ನಮ್ಮ ಬಿಲ್ಡಿಂಗಿನಲ್ಲೇ ಆಮೇಲೆ ಕಲಿಯಲಿರುವ ಕನ್ನಡದ ಮಕ್ಕಳು ಇಬ್ಬರು ಕಾಲೇಜಿಗೆ ಹೋಗುತ್ತಿದ್ದಾರೆ. ಎರಡು ದಿನ ನಮ್ಮಿಬ್ಬರಲ್ಲಿ ಮಾತು ಕಡಿಮೆಯಿತ್ತು, ಯಾವ ಭಾಷೆಯಲ್ಲೂ.

ಮೂರನೆಯ ದಿನ ಇವರು ಲೋಕಲಿನಲ್ಲಿ ನಿಂತು ಬಂದ ಸುಸ್ತಿನಲ್ಲೂ ಪ್ರಯೋಗ ಆರಂಭಿಸಿದರು. ಊಟಕ್ಕೆ ಕುಳಿತು, "ಪುಟ್ಟಿ, ಕಮ್, ಈಟ್ ಯುವರ್ ರೈಸ್" ಎಂದರು. ಪುಟ್ಟಿ ಬಾಗಿಲ ಕಡೆ ನೋಡಿದಳು. ಸೋಫಾದ ಹಿಂದೆ ನೋಡಿದಳು. ಆಮೇಲೆ ಮೆಲ್ಲಗೆ, "ಅಪ್ಪಾ, ಯಾರು ಬಂದಿದ್ದಾರೆ?" ಎಂದು ಕೇಳಿದಳು. ನೆಂಟರೆದುರು ಹೇಳುವ ಮಾತೆಂದರೆ ಇಂಗ್ಲಿಷ್ ಎಂದು ಅವಳ ತಿಳುವಳಿಕೆ. ಪ್ರಯೋಗ ಅನ್ನದ ತಟ್ಟೆಯೆದುರೇ ಮುಗಿಯಿತು.

ಅಲ್ಲಿಂದ ಇವರೂ ಅವಳ ಮಾತನ್ನು ಗಮನವಿಟ್ಟು ಕೇಳತೊಡಗಿದರು. "ಚೆಂಡು ಬೀಳಿತು" ಎನ್ನುತ್ತಾಳೆ. "ನಾನು ಅವನಿಗೆ ಚಾಕಲೇಟ್ ಕೊಡಿದೆ" ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಎಂದೂ 'ಕೊಡಿದೆ' ಬಂದಿಲ್ಲ. ಮತ್ತೆ ಇವಳಿಗೆ ಎಲ್ಲಿಂದ ಬಂತು? ಹಾಡು-ಹಾಡಿದೆ, ಓಡು-ಓಡಿದೆ, ನೋಡು-ನೋಡಿದೆ ಎಂದ ಮೇಲೆ ಕೊಡು-ಕೊಡಿದೆ ಅಲ್ಲದೆ ಇನ್ನೇನು? ಅವಳಷ್ಟಕ್ಕೆ ಅವಳು ಸೂತ್ರ ಕಟ್ಟಿಕೊಂಡಿದ್ದಾಳೆ. 'ಕೊಟ್ಟೆ' ಎಂದು ಸೂತ್ರ ಮುರಿದವರು ನಾವು. ಅಮೆರಿಕದಲ್ಲಿ ಜೀನ್ ಬರ್ಕೊ ಎಂಬಾಕೆ ಎಳೆಯ ಮಕ್ಕಳಿಗೆ ಇಲ್ಲದ ಪ್ರಾಣಿಯ ಚಿತ್ರ ತೋರಿಸಿ, ಅದಕ್ಕೆ 'ವಗ್' ಎಂದು ಹೆಸರಿಟ್ಟು, ಅಂಥವು ಎರಡಿದ್ದರೆ ಏನೆನ್ನುವಿರಿ ಎಂದು ಕೇಳಿದರಂತೆ. ಎಂದೂ ಕೇಳದ ಆ ಪದಕ್ಕೂ ಮಕ್ಕಳು ಸರಿಯಾದ ಬಹುವಚನ ಹೇಳಿದವು. ಆ ಪ್ರಬಂಧ 1958ರಲ್ಲಿ ಅಚ್ಚಾಯಿತು. ಇದನ್ನು ಎಲ್ಲಿಂದಲೋ ಓದಿ ಬಂದು ನನಗೆ ಹೇಳಿದವರು ಇವರೇ! ಗೊಂದಲವಾದ ತಲೆಯಲ್ಲಿ ಸೂತ್ರ ಹುಟ್ಟುವುದುಂಟೇ ಎಂದು ನಾನೂ ಒಂದು ಮಾತು ಸೇರಿಸಿದೆ.

ಎಣಿಕೆಯೂ ಹಾಗೆಯೇ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಆದ ಮೇಲೆ ಪುಟ್ಟಿಗೆ 'ಇಪ್ಪತ್ತಹತ್ತು', ಅದಾದ ಮೇಲೆ 'ಇಪ್ಪತ್ತಹನ್ನೊಂದು'. ತಪ್ಪೆಲ್ಲಿದೆ ತೋರಿಸಿ ನೋಡೋಣ. ನಲವತ್ತೊಂಬತ್ತಕ್ಕೆ ಮರಾಠಿಯಲ್ಲಿ 'ಏಕೋಣಪನ್ನಾಸ್', ಅಂದರೆ ಐವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಇಲ್ಲಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 'ಏಕವೀಸ್' ಅನ್ನು ಸುಲಭವಾಗಿ 'ವೀಸ್ ಏಕ್' ಎಂದು ಓದುವ ಕ್ರಮ ತಂದಾಗ ಆದ ಗಲಾಟೆ ನಿಮಗೆ ನೆನಪಿರಬಹುದು. ನಮ್ಮ 'ಇಪ್ಪತ್ತೊಂದು' ಮೊದಲಿಂದಲೂ ಹಾಗೇ ಇದೆ.

ಸರಿಪಡಿಸಲು ಆಗದೇ ಇದ್ದದ್ದು ನಿನ್ನೆ ಮತ್ತು ನಾಳೆ. ಹಿಂದಿಯಲ್ಲಿ ಎರಡಕ್ಕೂ 'ಕಲ್' ಇರುವುದರ ಪ್ರಭಾವವೋ, ಬರೀ ವಯಸ್ಸಿನದೋ, "ನಾಳೆ ನಾನು ಬಿದ್ದೆ", "ನಿನ್ನೆ ರಜಾ ಇರುತ್ತೆ" ಎಂದೇ ಅವಳ ಲೆಕ್ಕ. 2025ರ ಮೇ ರಜೆಯಲ್ಲಿ ಊರಿಗೆ ಹೋದಾಗ ಅತ್ತೆ ಪಟ್ಟು ಹಿಡಿದು ತಿದ್ದಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ "ನಿನ್ನೆ ಅಲ್ಲ ಮಗ, ನಾಳೆ ಅನ್ನು" ಎಂಬುದೇ ಪಾಠ.

ನನ್ನ ಮಾವ 2023ರಲ್ಲಿ ತೀರಿಕೊಂಡರು. ಅವರ ಊರುಗೋಲು ಇನ್ನೂ ಜಗಲಿಯ ಮೂಲೆಯಲ್ಲೇ ಇದೆ. ಒಂದು ಸಂಜೆ ಅತ್ತೆ ಜಗಲಿಯಲ್ಲಿ ಹಲಸಿನ ಬೀಜ ಬಿಡಿಸುತ್ತಿದ್ದರು. ಪುಟ್ಟಿ ಆ ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆದು, ನಿಂತು, "ಅಜ್ಜೀ, ಅಜ್ಜ ನಿನ್ನೆ ಬರ್ತಾರಾ?" ಎಂದಳು.

ಇವರು ಪೇಪರು ಕೆಳಗಿಟ್ಟರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹೂಂ ಮಗ," ಎಂದರು, "ನಿನ್ನೆ ಬರ್ತಾರೆ."

ಪುಟ್ಟಿಗೆ ಅಷ್ಟು ಸಾಕಾಯಿತು. ಕೋಲನ್ನು ಮೂಲೆಗೆ ಒರಗಿಸಿ, ಅಜ್ಜಿಯ ಪಕ್ಕ ಕುಳಿತು, ಬಿಡಿಸಿದ ಬೀಜಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಇಪ್ಪತ್ತಹತ್ತು, ಇಪ್ಪತ್ತಹನ್ನೊಂದು, ಇಪ್ಪತ್ತಹನ್ನೆರಡು...