ಕುದುರೆಮುಖ: ನೀರು ದಿಕ್ಕು ಬದಲಿಸುವ ನೆತ್ತಿ

ಕಾರ್ಕಳದಿಂದ ಬಜಗೋಳಿಗೆ ಬಂದು ಮಾಳದ ಕಡೆ ಹೊರಳಿದರೆ ಅಡಿಕೆ ತೋಟಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ. ನಡುವೆ ಎಲ್ಲೂ ಗಾಡಿ ನಿಲ್ಲಿಸದೆ ಕಾಡು ದಾಟಬೇಕೆಂಬುದು ಅದರ ಅರ್ಥ. ಅಲ್ಲಿಂದ ಘಾಟಿ. ತಿರುವಿಗೊಂದು ತೊರೆ, ತೊರೆಗೊಂದು ಮೋರಿ, ಮೇಲೆ ಆಕಾಶವನ್ನೇ ಮುಚ್ಚಿದ ಹಸಿರು. ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ಕರಾವಳಿಯ ಬೆವರು ಇಳಿದು, ಕಿಟಕಿಯಿಂದ ನುಗ್ಗುವ ಗಾಳಿಗೆ ಮೈ ಜುಮ್ಮೆನ್ನತೊಡಗಿತು.

ದಕ್ಷಿಣ ಕನ್ನಡದ ಹಳೆಯ ಗಡಿಯನ್ನು ಇಲ್ಲಿಯವರು ಇಂದಿಗೂ ‘ಎಸ್‌.ಕೆ. ಬಾರ್ಡರ್’ (ಸೌತ್ ಕೆನರಾ ಗಡಿ) ಎಂದೇ ಕರೆಯುತ್ತಾರೆ. ಅದನ್ನು ದಾಟಿ ಮುಂದೆ ಹೋದಂತೆ ಕಾಡು ಬಾಗಿಲು ತೆರೆದು ಬಯಲಾಯಿತು. ಕಣ್ಣು ಹಾಯುವವರೆಗೂ ಹುಲ್ಲುಗುಡ್ಡಗಳು. ಮರವೆಂಬುದು ಗುಡ್ಡಗಳ ಮಡಿಕೆಗಳಲ್ಲಿ ಮಾತ್ರ. ಹರವಿದ ಹಸಿರು ಸೀರೆಯ ನೆರಿಗೆಗಳಲ್ಲಿ ಕಪ್ಪು ನೆರಳು ನಿಂತ ಹಾಗೆ. ಬೆನ್ನು ಬೋಳು, ಮಡಿಲು ದಟ್ಟ. ಇಷ್ಟು ಅಚ್ಚುಕಟ್ಟಾಗಿ ಯಾರು ಹಂಚಿಟ್ಟರು ಎಂದು ಬೆರಗಾಗುತ್ತದೆ.

ಹಂಚಿಟ್ಟದ್ದು ಗಾಳಿ, ಮಣ್ಣು, ನೀರು. ಏಣಿನ ಮೇಲೆ ಮಣ್ಣಿನ ಪದರ ತೆಳು, ಗಾಳಿ ಬಿರುಸು. ಅಲ್ಲಿ ಹುಲ್ಲು ತಾಳಿಕೊಳ್ಳುತ್ತದೆ, ಮರದ ಸಸಿ ಬೇರೂರುವುದು ಕಷ್ಟ. ಕೊರಕಲುಗಳಲ್ಲಿ ಮಣ್ಣು ಕೂಡಿಕೊಳ್ಳುತ್ತದೆ, ತೇವ ನಿಲ್ಲುತ್ತದೆ. ಅಲ್ಲಿ ಕುಳ್ಳ ಮರಗಳ ನಿತ್ಯಹರಿದ್ವರ್ಣ ಕಾಡು ಬೆಳೆಯುತ್ತದೆ. ಅದೇ ಶೋಲಾ. ಇನ್ನೂ ಕೆಳಗಿನ ಕಣಿವೆಗಳ ಎತ್ತರದ ಮರಗಳಲ್ಲಿ ಸಿಂಗಳೀಕಗಳಿವೆ. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲೂ ಇಲ್ಲದ, ಕಪ್ಪು ಮುಖಕ್ಕೆ ಬೂದು ಕೇಸರ ಹೊತ್ತ ಕೋತಿ ಅದು. 1980ರ ದಶಕದಲ್ಲಿ ವನ್ಯಜೀವಿ ತಜ್ಞ ಉಲ್ಲಾಸ ಕಾರಂತರು ಈ ಪ್ರಾಣಿಯ ಬೆನ್ನು ಹತ್ತಿ ಮಾಡಿದ ಅಧ್ಯಯನ ಈ ಕಾಡಿನ ಬೆಲೆಯನ್ನು ತಿಳಿಸಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು.

ಆ ಹೊತ್ತಿಗೆ ಬೆಟ್ಟದ ಒಡಲು ಬಗೆಯುವ ಕೆಲಸ ಭರದಿಂದ ಸಾಗಿತ್ತು. ಈ ಗುಡ್ಡಗಳಲ್ಲಿರುವುದು ಮ್ಯಾಗ್ನೆಟೈಟ್ ಅದಿರು. ಅದಕ್ಕೆಂದೇ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಸಾಗಿಸುತ್ತಿದ್ದರು. ಉಳಿದ ಹೂಳನ್ನು ತಡೆಯಲು ಲಕ್ಯಾ ಹಳ್ಳಕ್ಕೆ ಅಣೆಕಟ್ಟು ಕಟ್ಟಿದರು. ಕೆ.ಎಂ. ಚಿಣ್ಣಪ್ಪನವರಂಥ ಕಾಡಿನ ಒಡನಾಡಿಗಳು ಗಣಿಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಇಂದು ಕುದುರೆಮುಖ ಪಟ್ಟಣದ ಸಾಲು ಸಾಲು ಮನೆಗಳು ಬಹುಪಾಲು ಖಾಲಿ. ಗೋಡೆಗಳಿಗೆ ಪಾಚಿ, ಅಂಗಳಕ್ಕೆ ಪೊದೆ. ದುಡಿಮೆ ಅರಸಿ ಬಂದ ಸಾವಿರಾರು ಜನರ ಬದುಕು ಇಲ್ಲಿ ಅರಳಿತ್ತು ಎಂಬುದನ್ನು ಮರೆಯಲಾಗದು. ಬೆಟ್ಟ ಉಳಿಯಿತು ಎಂಬ ಸಮಾಧಾನವೂ ಅಷ್ಟೇ ನಿಜ.

ಅಲ್ಲಿಂದ ಕಳಸದವರೆಗೆ ಭದ್ರೆ ಜೊತೆಗೇ ಬರುತ್ತಾಳೆ. ಒಮ್ಮೆ ಬಂಡೆಗಳ ನಡುವೆ ಸದ್ದು ಮಾಡುತ್ತ, ಒಮ್ಮೆ ಬಿದಿರಿನ ಮರೆಯಲ್ಲಿ ಸುಮ್ಮನೆ. ಸಂಸೆಯ ಚಹಾ ತೋಟದ ಆಚೆ ಬಾಳ್‌ಗಲ್‌ನಲ್ಲಿ ಕಾರು ಬಿಟ್ಟು ಜೀಪು ಹತ್ತಬೇಕು. ಕಲ್ಲು, ಕೆಸರು, ಹಳ್ಳ ಎಲ್ಲವನ್ನೂ ಹಾಯ್ದು ಅದು ಮುಳ್ಳೋಡಿಯ ಅಂಗಳಕ್ಕೆ ತಂದು ನಿಲ್ಲಿಸುತ್ತದೆ. ಚಾರಣ ಶುರುವಾಗುವುದು ಅಲ್ಲಿಂದ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದೂ ಉಂಟು.

ಬೆಳಗಿನ ಜಾವ ಅಕ್ಕಿರೊಟ್ಟಿ ತಿಂದು, ಕಾಲಿಗೆ ಸುಣ್ಣ–ಹೊಗೆಸೊಪ್ಪು ಹಚ್ಚಿಕೊಂಡು ಹೊರಟೆವು. ಇಂಬಳಗಳಿಗೆ ಅದೇ ಮದ್ದು. ಹೋಗಿ ಬರಲು ಸುಮಾರು 20 ಕಿಲೋಮೀಟರ್. ಮೊದಲು ಗದ್ದೆಯಂಚು, ಆಮೇಲೆ ಹಳ್ಳ, ಮತ್ತೆ ಕಾಡು. ಮಬ್ಬಿನಲ್ಲೇ ಯಾರೋ ಹುಡುಗ ಹಾಡು ಮರೆತು ಮತ್ತೆ ನೆನಪಿಸಿಕೊಳ್ಳುತ್ತಿರುವಂಥ ಸಿಳ್ಳೆ ಕೇಳಿತು. ಅದು ಸಿಳ್ಳಾರ ಹಕ್ಕಿ. ಒಂಟಿಮರದ ಬಳಿ ಬರುವಾಗ ಬಿಸಿಲು ಬಂತು. ಅಲ್ಲಿಂದ ದಾರಿ ಹುಲ್ಲಿಗೂ ಕಾಡಿಗೂ ಒಳಹೊರಗಾಗುತ್ತ ಸಾಗುತ್ತದೆ. ಹುಲ್ಲಿನಲ್ಲಿ ನೆತ್ತಿ ಸುಡುವ ಬಿಸಿಲು. ಶೋಲಾದೊಳಗೆ ಹತ್ತು ಹೆಜ್ಜೆ ಇಟ್ಟರೆ ತಂಪು, ಕತ್ತಲು, ಕೊಳೆತ ಎಲೆಯ ಕಂಪು, ಕಾಲಡಿಗೆ ಮೆತ್ತನೆಯ ನೆಲ. ಕಾರಿನ ಗಾಜಿನಾಚೆ ಬರೀ ಕಪ್ಪು ಗೆರೆಯಾಗಿ ಕಂಡಿದ್ದ ಕಾಡು ಇದೇ. ಪ್ರತಿ ಶೋಲಾದಲ್ಲೂ ಒಂದು ತೊರೆ. ಬೊಗಸೆಯೊಡ್ಡಿ ಕುಡಿದರೆ ಹಲ್ಲು ಜುಂ ಎನ್ನುವಷ್ಟು ತಣ್ಣಗೆ.

“ಎಷ್ಟು ತಿಂಗಳು ಇರುತ್ತೆ ಈ ನೀರು?” ಎಂದು ದಾರಿ ತೋರಿಸಲು ಬಂದಿದ್ದ ಹಿರಿಯರನ್ನು ಕೇಳಿದೆ.

“ಮಳೆ ಬಿಟ್ಟ ಮೇಲೂ ಬತ್ತಲ್ಲ ಮಾರಾಯ್ರೆ. ಕಾನು ಇದ್ದಲ್ಲಿ ನೀರು ಇದ್ದೇ ಇದೆ,” ಎಂದರು.

ಎಲೆಗೊಬ್ಬರ ತುಂಬಿದ ನೆಲ ಮುಂಗಾರಿನ ಮಳೆಯನ್ನು ಹೀರಿ ಇಟ್ಟುಕೊಂಡು, ಬೇಸಿಗೆಯುದ್ದಕ್ಕೂ ಹನಿಹನಿಯಾಗಿ ಬಿಟ್ಟುಕೊಡುತ್ತದೆ. ಅವರ ಎರಡು ಮಾತಿನಲ್ಲಿ ಅದೆಲ್ಲವೂ ಬಂದಿತ್ತು.

ಕೊನೆಯ ಏರು ಕಡಿದು. ಸುಮಾರು 1,890 ಮೀಟರ್ ಎತ್ತರದ ನೆತ್ತಿ ಮುಟ್ಟಿದಾಗ ಮಂಜು ಏನನ್ನೂ ಕಾಣಗೊಡಲಿಲ್ಲ. ಕಾದೆವು. ಪಡುವಣ ಗಾಳಿ ಒಮ್ಮೆ ಬೀಸಿದ್ದೇ ತಡ, ಬೆಟ್ಟದ ಒಂದು ಮಗ್ಗುಲೇ ಕುಸಿದು ಇಲ್ಲವಾದಂತೆ ಕಾಲ ಬುಡದಲ್ಲಿ ಪ್ರಪಾತ ತೆರೆದುಕೊಂಡಿತು. ಕೆಳಗೆ ಬೆಳ್ತಂಗಡಿ ಸೀಮೆಯ ಗದ್ದೆ, ತೋಟ. ಅದರಾಚೆ ಕಡಲಿನ ಕಡೆಗೆ ಕರಗುವ ಬಿಳಿ. ಕುದುರೆಯ ಮೋರೆ ಕಾಣುವುದು ಆ ಕಡೆಯಿಂದ. ಹಿಂದೆ ಹಡಗಿನವರು ಈ ಶಿಖರವನ್ನೇ ಗುರುತಾಗಿಟ್ಟುಕೊಂಡು ದಡ ಅರಿಯುತ್ತಿದ್ದರು. ತಿರುಗಿ ನಿಂತರೆ ಮೂಡಣಕ್ಕೆ ಗುಡ್ಡದ ಹಿಂದೆ ಗುಡ್ಡ, ಕೊನೆಯೇ ಇಲ್ಲ.

ಮಳೆಯ ಹಣೆಬರಹ ತೀರ್ಮಾನವಾಗುವುದು ಈ ಏಣಿನ ಮೇಲೆ. ಪಡುವಣಕ್ಕೆ ಜಾರಿದ ಹನಿ ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಮೂಡಣಕ್ಕೆ ಉರುಳಿದ ಹನಿ ಭದ್ರೆಯಾಗಿ, ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ಹಂಪಿಯ ಬಂಡೆಗಳನ್ನು ತೊಳೆದು, ಕೃಷ್ಣೆಯೊಡನೆ ಬಂಗಾಳ ಕೊಲ್ಲಿ ಸೇರುತ್ತದೆ. ಒಂದೇ ಮೋಡದ ನೆರೆಹೊರೆಯ ಹನಿಗಳಿಗೆ ಎರಡು ಕಡಲು! ಇದೇ ಮಲೆಸಾಲಿನ ಗಂಗಾಮೂಲದಲ್ಲಿ ವರಾಹಸ್ವಾಮಿಯ ಕೋರೆಗಳಿಂದ ತುಂಗಾ–ಭದ್ರೆಯರೂ ಕಣ್ಣಿನಿಂದ ನೇತ್ರಾವತಿಯೂ ಹರಿದರೆಂದು ಹಿರಿಯರು ಕಥೆ ಕಟ್ಟಿದರು. ಆ ನೆತ್ತಿಯ ಮೇಲೆ ನಿಂತಾಗ ಅದು ನನಗೆ ಈ ನೆಲವನ್ನು ಕಣ್ಣಾರೆ ಕಂಡವರ ಮಾತೆನಿಸಿತು.

ಘಾಟಿಯ ರಸ್ತೆ ಬೆಟ್ಟದ ರೂಪ ತೋರಿಸುತ್ತದೆ. ಅದರ ಕೆಲಸ ಅರ್ಥವಾಗಬೇಕಾದರೆ ನಡೆಯಬೇಕು. ತುಂಬೆಯ ಕಿಂಡಿ ಅಣೆಕಟ್ಟಿನಿಂದ ನಲ್ಲಿನೀರು ಪಡೆಯುವ ಮಂಗಳೂರಿನವರೂ, ತುಂಗಭದ್ರಾ ಕಾಲುವೆಯ ನೀರಲ್ಲಿ ಭತ್ತ ನಾಟಿ ಮಾಡುವ ಗಂಗಾವತಿ, ಸಿಂಧನೂರಿನ ರೈತರೂ ಈ ಕಾನುಗಳ ಋಣದಲ್ಲಿದ್ದಾರೆ. ನಿಮ್ಮ ಮನೆಯ ನೀರು ಈ ಎರಡರಲ್ಲಿ ಒಂದಾಗಿದ್ದರೆ, ಒಂದು ಸಲ ಮುಳ್ಳೋಡಿಯಿಂದ ಹತ್ತಿ ಬನ್ನಿ. ಒಯ್ದ ಪ್ಲಾಸ್ಟಿಕ್ಕನ್ನು ವಾಪಸು ತನ್ನಿ, ಕಾಡಿನೊಳಗೆ ದನಿ ತಗ್ಗಿಸಿ, ಹುಲ್ಲಿಗೆ ಕಿಡಿ ತಾಗದಂತೆ ನೋಡಿಕೊಳ್ಳಿ. ಈ ಬೆಟ್ಟವನ್ನು ಮತ್ತೊಮ್ಮೆ ಅಗೆಯುವ ಮಾತು ಎಂದಾದರೂ ಬಂದರೆ, ಅಲ್ಲಿ ನಡೆದಾಡಿದ ಕಾಲುಗಳೇ ಮೊದಲು ಅಡ್ಡ ನಿಲ್ಲುತ್ತವೆ.